ಮಗು ಬಂಡಳ್ಳಿಯಲ್ಲಿ, ಸಂದೇಶ ಅಗರದಲ್ಲಿ

ಹೊಸ ತಂದೆತಾಯಿಗಳ ಮೊಬೈಲಿಗೆ ಮಗುವಿನ ಆರೈಕೆಯ ಸಂದೇಶ ಕಳಿಸುವ ಯೋಜನೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಮಗುವನ್ನು ಹೇಗೆ ಮಲಗಿಸಬೇಕು ಎಂದು ನೀವು ಕಳಿಸುವ ಸಂದೇಶಗಳು ಒಂದೂ ತಪ್ಪದೆ ನನ್ನ ಫೋನಿಗೆ ಬರುತ್ತಿವೆ. ತೊಂದರೆ ಇಷ್ಟೇ, ನನ್ನ ಹತ್ತಿರ ಮಗು ಇಲ್ಲ. ಮಗು ಹುಟ್ಟಿದೆ, ಹೆಣ್ಣು ಮಗು, ನನ್ನದೇ. ಆದರೆ ಅದು ಇರುವುದು ಹನೂರು ತಾಲ್ಲೂಕಿನ ಬಂಡಳ್ಳಿಯಲ್ಲಿ, ಅದರ ಅಜ್ಜಿಯ ಮಗ್ಗುಲಲ್ಲಿ. ನಾನಿರುವುದು ಯಳಂದೂರು ತಾಲ್ಲೂಕಿನ ಅಗರದಲ್ಲಿ, ನಿಮ್ಮ ಸಂದೇಶಗಳ ಮಗ್ಗುಲಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ನೀವೂ ಶಾಲೆಯಲ್ಲಿ ಓದಿರಬೇಕು. ಆ ಎಮ್ಮೆ ನಾನು.

ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಮಗುವಿಗೆ ಐದು ತಿಂಗಳು ತುಂಬುವ ತನಕ ಬಾಣಂತಿ ಗಂಡನ ಮನೆಗೆ ಬರುವುದಿಲ್ಲ. ಇದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. ಭಾನುವಾರ ಬೆಳಿಗ್ಗೆ ಕೊಳ್ಳೇಗಾಲದ ಬಸ್ ನಿಲ್ದಾಣಕ್ಕೆ ಬಂದು ನೋಡಿ, ಬ್ರೆಡ್ಡಿನ ಪೊಟ್ಟಣ ಹಿಡಿದು ಮುಖ ಸಪ್ಪಗೆ ಮಾಡಿಕೊಂಡು ನಿಂತ ಗಂಡಸರೆಲ್ಲ ನನ್ನ ಪಂಗಡದವರೇ. ಗರ್ಭಿಣಿಯ ಹೆಸರು ಬರೆಸುವಾಗ ನಿಮ್ಮವರು ಫೋನ್ ನಂಬರ್ ಕೇಳಿದರು. ನನ್ನ ಹೆಂಡತಿ ಭವ್ಯಶ್ರೀ, "ನಮ್ ಯಜಮಾನ್ರುದು ಬರ್ಕಳಿ" ಅಂದಳು. ಅವಳದನ್ನೇ ಕೊಟ್ಟಿದ್ದರೂ ಏನೂ ಆಗುತ್ತಿರಲಿಲ್ಲ ಬಿಡಿ. ಬಾಣಂತಿ ಫೋನು ನೋಡಿದರೆ ಕಣ್ಣು ಹೋಗುತ್ತದೆಂದು ನಮ್ಮತ್ತೆ ಅದನ್ನು ಕಿತ್ತುಕೊಂಡು ಗೋಡೆಯ ಗೂಡಿನಲ್ಲಿ ಇಟ್ಟಿದ್ದಾರೆ. ಶೀತವಾಗದಿರಲೆಂದು ಅವಳ ಎರಡೂ ಕಿವಿಗೆ ಹತ್ತಿ ತುರುಕಿ, ಮೇಲೆ ಬಟ್ಟೆ ಬಿಗಿದಿದ್ದಾರೆ. ನೀವು ಯೋಜನೆ ರೂಪಿಸಿದ್ದು ತಾಯಿಯ ಕಿವಿಗೆಂದು. ನಿಮ್ಮ ಮನೆಗಳಲ್ಲಿ ಯಾರೂ ಬಾಣಂತನ ಕಂಡೇ ಇಲ್ಲವೇ?

ನಾನು ನಮ್ಮೂರ ಹಾಲಿನ ಡೈರಿಯ ಕಾರ್ಯದರ್ಶಿ. ಹಸುಗಳು ಎರಡು ಹೊತ್ತೂ ಹಾಲು ಕೊಡುತ್ತವೆ, ರಜೆ ಕೊಡುವುದಿಲ್ಲ. ಬೆಳಗಿನ ಹಾಲು ಮುಗಿಸಿ ಹೊರಟರೆ ಸಂಜೆಯ ಹಾಲಿಗೆ ವಾಪಸು ಬರಬೇಕು. ನಡುವೆ ಬಂಡಳ್ಳಿಯಲ್ಲಿ ನನಗೆ ಸಿಗುವುದು ಒಂದು ಊಟ, ಒಂದಿಷ್ಟು ಕ್ಷೇಮ ಸಮಾಚಾರ, ಮತ್ತು ಟೋಪಿ ಶಾಲುಗಳ ಸಂದಿಯಿಂದ ಮಗುವಿನ ಮೂಗಿನ ದರ್ಶನ. ಧನಗೆರೆಯ ನಟರಾಜು ನನ್ನ ಗೆಳೆಯ. ಅವನಿಗೂ ಇದೇ ಸಮಯಕ್ಕೆ ಮಗುವಾಯಿತು. ಆದರೆ ಪುಣ್ಯವಂತನ ಅತ್ತೆ ಮನೆ ಅದೇ ಊರಿನಲ್ಲಿ, ಹಿಂದಿನ ಬೀದಿಯಲ್ಲಿ. ದಿನಾ ಸಂಜೆ ಹೋಗಿ ಮಗುವನ್ನು ಎದೆಯ ಮೇಲೆ ಹಾಕಿಕೊಂಡು ಬರುತ್ತಾನೆ. "ಉಚ್ಚೆ ಉಯ್ದ್ಬುಡ್ತು ಕಣ್ಲಾ ಶರ್ಟ್ ಮ್ಯಾಲೆ" ಎಂದು ಫೋನು ಮಾಡಿ ನಗುತ್ತಾನೆ. ಆ ಉಚ್ಚೆಯ ಮೇಲೂ ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನು ಪ್ರಯೋಜನ?

ಮೊನ್ನೆ ನಿಮ್ಮಿಂದ ಒಂದು ಸಂದೇಶ ಬಂತು. "ನಿಮ್ಮ ಕಂದ ಈಗ ನಿಮ್ಮನ್ನು ನೋಡಿ ನಗಲು ಕಲಿಯುತ್ತಿದೆ!" ನನ್ನ ಮಗಳು ನಗುವುದನ್ನು ಕಲಿತಳೆಂದು ನನಗೆ ತಿಳಿದದ್ದು ಹೀಗೆ, ಹಾಲಿನ ಕ್ಯಾನುಗಳ ನಡುವೆ ನಿಂತು, ಸರ್ಕಾರದ ಮೂಲಕ. ಅವಳು ನಗುತ್ತಿರುವುದು ಯಾರನ್ನು ನೋಡಿ? ನಮ್ಮತ್ತೆ ಚನ್ನಮಲ್ಲಮ್ಮನವರನ್ನು ನೋಡಿ. ಅವರ ಮೇಲೆ ನನಗೆ ಗೌರವವಿದೆ, ಅವರ ಮಡಿಲಿನ ಮೇಲೆ ಅಸೂಯೆಯಿದೆ. ಎರಡೂ ಒಟ್ಟಿಗೇ ಇವೆ.

ಇಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಕಳೆದ ತಿಂಗಳು ಒಂದು ಭಾನುವಾರ ನಾನು ಬಂಡಳ್ಳಿಗೆ ಹೋದಾಗ ಮಧ್ಯಾಹ್ನವಾಗಿತ್ತು. ಅತ್ತೆ ಒಳಗೆ ನನಗೆಂದು ಒಬ್ಬಟ್ಟು ತಟ್ಟುತ್ತಿದ್ದರು. ಭವ್ಯಶ್ರೀಗೆ ಗಾಢ ನಿದ್ದೆ. ಕಿಟಕಿ ಮುಚ್ಚಿದ ಕೋಣೆ, ಮೂಲೆಯಲ್ಲಿ ಕೆಂಡದ ಮೇಲೆ ಸಾಂಬ್ರಾಣಿ ಹೊಗೆ. ಮೆತ್ತನೆಯ ಕೌದಿಯ ಮೇಲೆ ಮಗುವನ್ನು ಮಗ್ಗುಲಾಗಿ ಮಲಗಿಸಿ, ತಲೆ ದುಂಡಗಾಗಲೆಂದು ಆಚೆಗೊಂದು ಈಚೆಗೊಂದು ಸಾಸಿವೆ ದಿಂಬು ಒತ್ತಿದ್ದರು. ಹೊದಿಸಿದ್ದ ರಗ್ಗು ಜಾರಿ ಮುಖ ಪೂರ್ತಿ ಮುಚ್ಚಿತ್ತು. ತೆಗೆದು ನೋಡಿದೆ. ಮುಖ ಕೆಂಪಾಗಿ, ಕೂದಲು ಬೆವರಿನಲ್ಲಿ ತೊಯ್ದು ಹಣೆಗೆ ಅಂಟಿತ್ತು. ಒಂದು ಗಳಿಗೆ ಅದರ ಉಸಿರು ನನಗೆ ಕಾಣಲಿಲ್ಲ. ಎತ್ತಿಕೊಂಡ ಕೂಡಲೇ ಕಿಟಾರನೆ ಕಿರುಚಿತು. ಅಷ್ಟು ಇಂಪಾದ ಶಬ್ದವನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಅತ್ತೆ ಹಿಟ್ಟಿನ ಕೈಯಲ್ಲೇ ಓಡಿಬಂದರು. "ಅಯ್ಯೋ, ಈಗ ತಾನೆ ಮಲುಗ್ಸಿದ್ನಲ್ಲಾ! ಎಬ್ಬುರುಸ್ಬುಟ್ರಾ?" ನಾನು ಫೋನು ತೆಗೆದು ನಿಮ್ಮ ಸಂದೇಶಗಳನ್ನು ಓದಿದೆ. ಮಗುವನ್ನು ಅಂಗಾತ ಮಲಗಿಸಿ. ಹಾಸಿಗೆ ಗಟ್ಟಿಯಾಗಿ ಸಮತಟ್ಟಾಗಿರಲಿ. ದಿಂಬು ಬೇಡ, ಮುಖದ ಹತ್ತಿರ ಸಡಿಲ ಬಟ್ಟೆ ಬೇಡ, ಹೊಗೆ ಬೇಡ. ಅಮ್ಮನ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ ಮಲಗಲಿ.

"ಅಂಗಾತ ಮಲುಗ್ಸುದ್ರೆ ಕಕ್ಕಿದ ಆಲು ನೆತ್ತಿಗೇರ್ತದೆ ಕಣ್ರಿ ಅಳಿಯಂದ್ರೇ," ಅಂದರು ಅತ್ತೆ. "ಮೂರು ಮಕ್ಳ ಸಾಕಿವ್ನಿ. ಇವಳ್ನೂ ಇಂಗೇ ಮಲುಗ್ಸಿ ಸಾಕಿದ್ದು. ಸತ್ತೋದ್ಲಾ?"

ಮಾವ ಶಿವಮಲ್ಲಪ್ಪನವರು ಕನ್ನಡಕ ಹಾಕಿಕೊಂಡು ನನ್ನ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದು ನಿಮ್ಗೆ ಬಂದಿರದು ಅಲ್ವಾ?"

"ಹೌದು ಮಾವ."

"ನಮ್ಗೇನೂ ಬಂದಿಲ್ವಲ್ಲ. ರೇಸನ್ ಬಂದದೆ ಅಂತ ನಮ್ಗೂ ಮೆಸೇಜು ಬತ್ತದೆ, ಕರೆಂಟು ಓಯ್ತದೆ ಅಂತ ಬತ್ತದೆ. ಮಗೀನ ವಿಸ್ಯ ನಮ್ಗೆ ಯೋಳ್ಬೇಕು ಅಂತಿದ್ರೆ ಸರ್ಕಾರದೋರು ನಮ್ಗೇ ಕಳುಸ್ತಿದ್ರು."

ಮಾನ್ಯರೇ, ಈ ಮಾತಿಗೆ ನಿಮ್ಮ ಹತ್ತಿರ ಉತ್ತರವಿದೆಯೇ? ನಮ್ಮ ಮಾವ ಮನೆ ಬಾಗಿಲಿಗೆ ಬಂದು ಕರೆಯದವರ ಮದುವೆಗೆ ಹೋಗುವುದಿಲ್ಲ. ಬೇರೆಯವರ ಕೈಯಲ್ಲಿ ಲಗ್ನಪತ್ರಿಕೆ ಕಳಿಸಿದರೆ ಅದನ್ನು ಒಡೆದು ಕೂಡ ನೋಡುವುದಿಲ್ಲ. ಅಂಥವರು ಅಳಿಯನ ಫೋನಿಗೆ ಬಂದ ಬುದ್ಧಿವಾದವನ್ನು ಕೇಳುತ್ತಾರೆಯೇ? ನಾನು ಅಂಗಳಕ್ಕೆ ಬಂದಾಗ ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು: "ಮಗು ಅವ್ರ ತಾವಿಲ್ಲ ಅಂತ ಒಟ್ಟೆವುರಿ. ಅದ್ಕೇ ಬಂದಾಗ್ಲೆಲ್ಲ ಒಂದೊಂದು ಕಾನೂನು ತತ್ತಾರೆ."

ಇದೇ ನನ್ನ ನಿಜವಾದ ದೂರು. ಅವರು ಹೇಳಿದ್ದರಲ್ಲಿ ಅರ್ಧ ಸತ್ಯ. ನನಗೆ ಹೊಟ್ಟೆವುರಿ ಇದೆ. ಅದು ನನ್ನ ಮುಖದಲ್ಲೇ ಬರೆದಿದೆ, ಬಂಡಳ್ಳಿಯ ನಾಯಿಗಳಿಗೂ ಗೊತ್ತು. ಹಾಗೆಂದು ರಗ್ಗು ಮಗುವಿನ ಮುಖದ ಮೇಲಿದ್ದದ್ದು ಸುಳ್ಳಾಗುತ್ತದೆಯೇ? ನಿಮ್ಮ ಒಳ್ಳೆಯ ಮಾತನ್ನು ಹೊತ್ತೊಯ್ಯಲು ಇಡೀ ಕುಟುಂಬದಲ್ಲಿ ಯಾರ ಮಾತನ್ನು ಯಾರೂ ನಂಬುವುದಿಲ್ಲವೋ ಅವನನ್ನೇ ಹುಡುಕಿ ಆರಿಸಿದ್ದೀರಿ. ಅತ್ತೆಯ ನೆತ್ತಿಯ ಪ್ರಶ್ನೆಗೆ ಮರುವಾರವೇ ನಿಮ್ಮಿಂದ ಉತ್ತರವೂ ಬಂತು: ಅಂಗಾತ ಮಲಗಿದ ಆರೋಗ್ಯವಂತ ಮಗು ಹಾಲು ಕಕ್ಕಿದರೂ ಉಸಿರುಕಟ್ಟುವ ಭಯವಿಲ್ಲ. ಎಷ್ಟು ಸೊಗಸಾದ ಉತ್ತರ! ಅದೂ ನನಗೇ ಬಂತು. ಫೋನು ಮಾಡಿ ಓದಿ ಹೇಳಿದೆ. "ಆಯ್ತು ಬುಡಿ" ಅಂದರು. ಆ "ಆಯ್ತು ಬುಡಿ"ಯ ಅರ್ಥ ನಿಮಗೆ ಗೊತ್ತಿರಲಾರದು, ನಮ್ಮ ಸೀಮೆಯ ಅಳಿಯಂದಿರಿಗೆಲ್ಲ ಗೊತ್ತು.

ನಂಬರ್ ಬದಲಿಸಿ ಎಂದು ನಿಮ್ಮ ಕಚೇರಿಗೂ ಹೋಗಿದ್ದೆ. ಕಂಪ್ಯೂಟರಿನಲ್ಲಿ ತಾಯಿಗೊಂದು, ತಂದೆಗೊಂದು ಜಾಗವಿದೆ, ಅತ್ತೆಗೆ ಇಲ್ಲ ಎಂದರು. "ನೀವೇ ಓಗಿ ಯೋಳಿ ಸಾ, ತಂದೆ ಅಲ್ವಾ ನೀವು?" ಎಂದು ಅಲ್ಲಿನ ಹುಡುಗಿ ನಗುತ್ತಾ ಕೇಳಿದಳು. ತಂದೆ ಹೌದು ತಾಯೀ, ಆದರೆ ಅದು ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ.

ಚಳಿ ಹೆಚ್ಚುತ್ತಿದೆ. ಚಳಿ ಹೆಚ್ಚಿದಂತೆ ಬಂಡಳ್ಳಿಯಲ್ಲಿ ನನ್ನ ಮಗಳ ಮೇಲೆ ರಗ್ಗುಗಳೂ ಹೆಚ್ಚುತ್ತವೆ. ಅವಳು ಅಗರಕ್ಕೆ ಬರಲು ಇನ್ನೂ ದಿನಗಳಿವೆ, ಅಲ್ಲಿಯವರೆಗೆ ಪ್ರತಿ ಮಧ್ಯಾಹ್ನ ಹಾಲಿನ ಲೆಕ್ಕ ಬರೆಯುತ್ತಾ ಕೂತಾಗ ನನ್ನ ಕಣ್ಣ ಮುಂದೆ ಆ ಮುಚ್ಚಿದ ಮುಖವೇ ಬರುತ್ತದೆ. ಆದ್ದರಿಂದ ನನ್ನ ಬೇಡಿಕೆ ಒಂದೇ. ಹೆಸರು ಬರೆಸಿಕೊಳ್ಳುವಾಗ ತಾಯಿ ಯಾರು, ತಂದೆ ಯಾರು ಎಂದು ಕೇಳಿದ ಮೇಲೆ, ಮಗುವನ್ನು ಮಲಗಿಸುವವರು ಯಾರು ಎಂದೂ ಕೇಳಿ. ಅವರ ನಂಬರ್ ಬರೆದುಕೊಳ್ಳಿ. ಅಕ್ಷರದ ಸಂದೇಶ ಬೇಡ, ಕರೆ ಮಾಡಿ. ಅತ್ತೆಯ ನಂಬರನ್ನು ಬೇರೆ ಚೀಟಿಯಲ್ಲಿ ಬರೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ಮಧ್ಯಾಹ್ನ ಪಾತ್ರೆ ತೊಳೆದು ಎಲೆ ಅಡಿಕೆ ಹಾಕಿಕೊಂಡು ಕೂತ ಹೊತ್ತಿಗೆ ಮಾಡಿದರೆ ಪೂರ್ತಿ ಕೇಳುತ್ತಾರೆ. ಗೌರವದಿಂದ "ಅಮ್ಮಾ" ಎಂದು ಮಾತು ಶುರುಮಾಡಿ. ನನ್ನ ಹೆಸರನ್ನು ಮಾತ್ರ ದಯವಿಟ್ಟು ಎತ್ತಬೇಡಿ, ಎತ್ತಿದರೆ ಕೆಲಸ ಕೆಟ್ಟಿತು.

ಅವರು ನಿಮ್ಮನ್ನು ನಂಬುತ್ತಾರೆ. ನನಗೆ ಗೊತ್ತು. ಮುಂದಿನ ಭಾನುವಾರ ನಾನು ಹೋದಾಗ, "ಸರ್ಕಾರದೋರು ನಂಗೇ ಪೋನ್ ಮಾಡಿದ್ರು ಕಣ್ರಿ, ಮಗೀನ ಅಂಗಾತ ಮಲುಗ್ಸಬೇಕಂತೆ, ನಿಮ್ಗೆ ಗೊತ್ತಾ?" ಎಂದು ನನಗೇ ಪಾಠ ಮಾಡುತ್ತಾರೆ. ನಾನು "ಹೌದಾ ಅತ್ತೆ!" ಎಂದು ಬಾಯಿ ತೆರೆದು ಕೇಳುತ್ತೇನೆ. ನಾನು ಗಂಟಲು ಹರಿದುಕೊಂಡರೂ ಕೇಳದವರು ನಿಮ್ಮ ಧ್ವನಿಯನ್ನು ಒಂದೇ ಸಲಕ್ಕೆ ಕೇಳಿದರಲ್ಲ ಎಂದು ಹೊಟ್ಟೆ ಧಗಧಗ ಉರಿಯುತ್ತದೆ. ಉರಿಯಲಿ ಮಾನ್ಯರೇ. ಅಷ್ಟು ಹೊತ್ತಿಗೆ ನನ್ನ ಮಗಳ ಮುಖ ತೆರೆದಿರುತ್ತದೆ.

ಇಂತಿ,
ಮಗುವಿಲ್ಲದ ಮನೆಯಲ್ಲಿ ಮಗು ಮಲಗಿಸುವುದನ್ನು ಪೂರ್ತಿ ಕಲಿತು ಕೂತಿರುವ,
ಶಾಂತಮೂರ್ತಿ
ಅಗರ