ಚರ್ಮ ಇಲ್ಲದ ಚಾಟಿ

ಮಾವಾ,

ನೀನು ಮಣ್ಣೊಳಗೆ ಮಲಗಿದೀಯ, ನಿನಗೆ ಓದೋಕೂ ಬರಲ್ಲ, ಎರಡೂ ನನಗೆ ಗೊತ್ತು. ಕೂಲಿಮಠದ ಅಯ್ಯನೋರ ಹತ್ರ ಮರಳ ಮೇಲೆ ಬರೆಯೋದು ಕಲ್ತು ಬಂದ ದಿನ, "ದನ ಕಾಯೋನಿಗೆ ಇದೆಲ್ಲ ಯಾಕಲೇ ಪಾಪಯ್ಯ, ದನಕ್ಕೆ ಕಾಗದ ಬರೀತೀಯಾ?" ಅಂತ ನಕ್ಕಿದ್ದೆ. ದನಕ್ಕಲ್ಲ ಮಾವ, ನಿನಗೇ ಬರೀತಿದೀನಿ. ಬರೆದು ಮುಗಿಸಿ ನಿನ್ನ ಗುಡ್ಡೆ ಹತ್ರ ಕುಂತು ನಾನೇ ಓದಿ ಹೇಳ್ತೀನಿ. ನಡುವೆ ಎದ್ದು ಹೋಗೋದು ಈಗ ನಿನ್ನ ಕೈಲಾಗಲ್ಲ, ಪೂರ್ತಿ ಕೇಳಲೇಬೇಕು. ಸುದ್ದಿ ಮೊದಲೇ ಹೇಳಿಬಿಡ್ತೀನಿ. ನಿನ್ನೆ ಸಂಜೆ ದನ ಮೇಯೋ ಕಾವಲಲ್ಲಿ ನಿಂತು ಚಾಟಿ ಬೀಸಿದೆ. ನಾನೇ ಹೆಣೆದ ಚಾಟಿ. ದನ ಬಂದ್ವು. ಅಷ್ಟೂ ಬಂದ್ವು.

ನಿನ್ನ ಮಣ್ಣು ಮಾಡಿದ ದಿನ ಯಜಮಾನ ಬೋರಯ್ಯ ನಿನ್ನ ಚಾಟಿನ ಸುರುಳಿ ಸುತ್ತಿ ನಿನ್ನ ಬಲಗೈ ಪಕ್ಕ ಇಟ್ಟ. ಹಟ್ಟಿ ಪದ್ಧತಿ ಅದು. ದೇವರಿಗೆ ಬಿಟ್ಟ ದನ ಕಾಯೋ ಕಿಲಾರಿ ಹೋದ್ರೆ ಅವನ ಚಾಟಿನೂ ಅವನ ಜೊತೆಗೇ ಹೋಗಬೇಕು. ನಾನೂ ಒಂದು ಹಿಡಿ ಮಣ್ಣು ಹಾಕಿದೆ, ಆಗೇನೂ ಹೊಳೀಲಿಲ್ಲ. ಮಾರನೆ ದಿನ ಸಂಜೆ ದನ ಹಿಂದಕ್ಕೆ ಕರೆಯೋಕೆ ನಿಂತೆ ನೋಡು, ಕೈಯೊಳಗೆ ಏನೂ ಇಲ್ಲ. ಬಾಯಿ ಮಾಡಿದೆ, ಸಿಳ್ಳೆ ಹಾಕಿದೆ, ನಿನ್ನ ಹಂಗೇ ಕೆಮ್ಮಿಯೂ ನೋಡಿದೆ. ನಿನ್ನ ಮುದ್ದಿನ ಕೆಂಚ ಒಂದ್ಸಲ ತಲೆ ಎತ್ತಿ ನನ್ನ ಮುಖ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಮುಂದಾಳು ಎತ್ತೇ ಬರದಿದ್ರೆ ಉಳಿದವು ಬರ್ತಾವಾ? ಒಂದೊಂದನ್ನೇ ಅಟ್ಟಿಸ್ಕಂಡು ಬೇಲಿಯೊಳಗೆ, ರೊಪ್ಪಕ್ಕೆ ಸೇರಿಸೋ ಹೊತ್ತಿಗೆ ನನ್ನ ನಾಲಿಗೆ ಹೊರಗೆ ಬಿದ್ದಿತ್ತು.

ಬೋರಯ್ಯ ಅವತ್ತು ಕಟ್ಟೆ ಮೇಲೆ ಕುಂತು ಎಲ್ಲ ನೋಡ್ತಾ ಇದ್ದ. ಹತ್ರ ಕರೆದ. "ಪಾಪಯ್ಯ, ಬೇಜಾರು ಮಾಡ್ಕಬೇಡ. ದೇವರ ದನ ಅಟ್ಟಿಸ್ಕಂಡು ತರೋವಲ್ಲ, ಕರೆದ್ರೆ ಬರೋವು. ಸಿದ್ದಾಪುರದ ಗುಡ್ಡಕ್ಕೆ ಮೇವಿಗೆ ಹೊರಡೋದ್ರೊಳಗೆ ನಿನ್ನ ಚಾಟಿ ಸದ್ದಿಗೆ ಬಂದ್ರೆ ನೀನೇ ಕಿಲಾರಿ. ಇಲ್ಲಾಂದ್ರೆ ಕೊಂಡ್ಲಹಳ್ಳಿಯೋರು ಕೇಳ್ತಾ ಅವ್ರೆ, ಅವರಿಗೆ ಒಪ್ಪಿಸಿಬಿಡೋಣ" ಅಂದ. ನಿಮ್ಮಪ್ಪ ಕಾದ ದನ, ನೀನು ಕಾದ ದನ. ಕೊಂಡ್ಲಹಳ್ಳಿಗೆ ಹೋಗಬೇಕಾ? ನನಗೆ ಎಂಥ ಸಿಟ್ಟು ಬಂತು ಅಂದ್ರೆ, ಬೋರಯ್ಯನ ಮೇಲಲ್ಲ, ನಿನ್ನ ಮೇಲೆ. ಚಾಟಿ ಹೆಣೆಯೋದು ಹೇಳಿಕೊಡು ಅಂತ ಎಷ್ಟು ಸಲ ಗೋಗರೆದಿದ್ದೆ? "ಬದುಕಿರೋ ಕಿಲಾರಿ ಹೆಣೆಯೋದನ್ನ ಇನ್ನೊಬ್ಬ ನೋಡಬಾರದು" ಅಂತ ಬಂಡೆ ಮರೆಗೆ ಹೋಗಿ ಕುಂತ್ಕಂತಿದ್ದೆ. ನೋಡಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ.

ಒಂದು ದಿನ ನಾನು ಎಕ್ಕಡ ಮೆಟ್ಟಿಕೊಂಡೇ ರೊಪ್ಪದೊಳಗೆ ಕಾಲಿಟ್ಟು ನಿನ್ನ ಕೈಲಿ ಉಗಿಸ್ಕಂಡಿದ್ದು ನೆನಪೈತಾ? ಆ ದನದ ಹತ್ರ ಚರ್ಮ ಸುಳೀಬಾರದು, ಚಾಟಿ ಅವುಗಳ ಮೈ ಮುಟ್ಟಬಾರದು, ಬರೀ ಗಾಳಿಯಲ್ಲಿ ಸದ್ದಾಗಬೇಕು ಅಂತ ಅವತ್ತು ಕಿವಿ ಹಿಂಡಿ ಹೇಳಿದ್ದೆ. ಅದೇ ಮಾತು ನನ್ನ ಕುತ್ತಿಗೆಗೆ ಬಂತು. ಚಳ್ಳಕೆರೆ ಸಂತೆಗೆ ಹೋದ್ರೆ ಎಲ್ಲಿ ನೋಡಿದ್ರೂ ತೊಗಲಿನ ಬಾರುಕೋಲೇ. ಅಂಗಡಿ ಸಾಹೇಬರು ಅಮಲ್ದಾರರ ಗಾಡಿಯೋನಿಗೆ ಕೊಟ್ಟಂಥದ್ದೇ ಒಂದು ತೆಗೆದು ಬೀಸಿ ತೋರಿಸಿದ್ರು. ಸಂತೆ ಸಂತೆಯೇ ತಿರುಗಿ ನೋಡ್ತು. ಆಸೆ ಆಗಲಿಲ್ಲ ಅಂದ್ರೆ ಸುಳ್ಳಾಗುತ್ತೆ. "ಚರ್ಮ ಬ್ಯಾಡ ಸಾಹೇಬ್ರೆ, ಹಗ್ಗದ್ದು ಬೇಕು" ಅಂದೆ. "ಹಗ್ಗದಾಗೆ ಬಾವಿ ನೀರು ಸೇದ್ಬೇಕು ಭಾಯ್, ಚಾಟಿ ಹೊಡಿಯಾಕೆ ಆಗಲ್ಲ" ಅಂದ್ರು. ನೋಡೇಬಿಡ್ತೀನಿ ಅಂತ ಹಠ ಹುಟ್ಟಿದ್ದು ಅಲ್ಲೇ.

ಮೊದಲನೇ ಚಾಟಿ ಪುಂಡಿ ನಾರಿಂದು. ಪುಂಡಿ ಕಡ್ಡಿನ ಕೆರೆ ನೀರಲ್ಲಿ ನೆನೆಹಾಕಿ, ಕೊಳೆತ ಮೇಲೆ ಸುಲಿದು, ಒಣಗಿಸಿ, ಹೊಸೆದು, ನಾಲ್ಕೆಳೆ ಹೆಣೆದೆ. ಗುಡ್ಡದಿಂದ ದಿಂಡಿಗದ ಮರದ ಕೋಲು ಕಡಿದು ತಂದು ಹಿಡಿ ಮಾಡಿದೆ. ಕೈ ಬೊಬ್ಬೆ ಎದ್ದು ಒಡೆದು ಮತ್ತೆ ಎದ್ವು. ನೋಡೋಕೆ ಚೆಂದ ಇತ್ತು ಮಾವ. ಬೀಸಿದೆ. ಒದ್ದೆ ಪಂಚೆ ಒದರಿದ ಸದ್ದು. ರಟ್ಟೆ ಬಲ ಸಾಲದು ಅಂದ್ಕಂಡು ಇನ್ನೂ ಜೋರಾಗಿ ಬೀಸಿದೆ. ತಿರುಗಿ ಬಂದು ನನ್ನ ಕಿವಿಗೇ ಬಾರಿಸಿತು. ಅವ್ವ ಜಗಲಿ ಮೇಲೆ ಉಣ್ಣೆ ನೂಲ್ತಾ ಕುಂತಿದ್ಲು. ಕಣ್ಣು ಮಂಜಾದ್ರೂ ಕಿವಿ ಅವಳಿಗೆ ಚುರುಕು. "ಯಾರಿಗೋ ಬಿತ್ತಲ್ಲ" ಅಂದ್ಲು. "ನನಗೇ ಅವ್ವ" ಅಂದೆ. "ಹಂಗಾದ್ರೆ ಸರಿ, ದನಕ್ಕೆ ಬೀಳಲಿಲ್ಲವಲ್ಲ" ಅಂದ್ಲು. ನಿನ್ನ ಒಡಹುಟ್ಟಿದೋಳು ತಾನೆ, ಮಾತು ಇನ್ನೆಂಗಿರುತ್ತೆ?

ಅವ್ವನ ಕೈಯಲ್ಲಿ ಅವತ್ತು ಆಡ್ತಿದ್ದ ಉಣ್ಣೆ ನೂಲು ನೋಡ್ತಾ ನೋಡ್ತಾ ನಿನ್ನ ಚಾಟಿ ಕಣ್ಣಿಗೆ ಕಟ್ಟಿತು. ಹಿಡಿ ಹತ್ರ ದಪ್ಪ, ಹೋಗ್ತಾ ಹೋಗ್ತಾ ಸಣ್ಣ, ತುದೀಲಿ ಕಾಣದಷ್ಟು ಸಣ್ಣ. ನಂದು ಮೊದಲಿಂದ ಕೊನೇವರೆಗೂ ಒಂದೇ ದಪ್ಪ, ಬಾವಿ ಹಗ್ಗ. ಸಾಹೇಬರು ಹೇಳಿದ್ದು ಸರಿಯೇ. ಒಳಗೆ ತಿರುಳು ಬೇಕು, ತೂಕ ಬೇಕು, ಅದು ಬರ್ತಾ ಬರ್ತಾ ಕರಗಬೇಕು. ಅವ್ವನ ಉಣ್ಣೆ ನೂಲನ್ನೇ ತಿರುಳು ಮಾಡಿ ಮೇಲೆ ಪುಂಡಿ ಹೆಣೆದೆ. ತೂಕ ಬಂತು, ಆದ್ರೆ ಜೋಲು ಬಿತ್ತು, ನಿಲ್ಲಲೇ ಇಲ್ಲ. ಉಳಿದ ನೂಲು ಹಿಡ್ಕಂಡು ಮತ್ತೆ ಚಳ್ಳಕೆರೆಗೆ ನಡೆದೆ. ಅಲ್ಲಿ ಕಂಬಳಿ ನೇಯೋರು ಬಯಲಲ್ಲಿ ಹಾಸು ನೂಲು ಎಳೆದು, ಹುಣಸೆ ಬೀಜ ಅರೆದು ಕುದಿಸಿದ ಗಂಜಿ, ಅದೇ ಸರಿ ಅಂತಾರಲ್ಲ, ಅದನ್ನ ಬಳೀತಿದ್ರು. ಮುಟ್ಟಿ ನೋಡಿದೆ. ಅದೇ ಉಣ್ಣೆ, ಒಣಗಿದ ಮೇಲೆ ಬಿಗೀತೈತೆ, ಆದ್ರೆ ಮುರಿಯಲ್ಲ. ಅಲ್ಲೇ ಕುಂತು ನನ್ನ ನೂಲಿಗೂ ಬಳಿಸ್ಕಂಡೆ. ನೇಯೋ ಅಣ್ಣ ಒಬ್ಬ, "ಇಷ್ಟು ಸಣ್ಣ ಕಂಬಳಿ ಯಾರಿಗಪ್ಪ, ಓತಿಕ್ಯಾತಕ್ಕಾ?" ಅಂತ ಕೇಳಿದ. ನಗಲಿ ಬಿಡು. ಬಗಲಲ್ಲಿ ಸರಿ ತುಂಬಿದ ಮಡಕೆ ಇಟ್ಕಂಡು ದೊರೆಯಂಗೆ ಹಟ್ಟಿಗೆ ಬಂದೆ.

ಆ ಚಾಟಿ ಹೆಣೆದು ಮುಗಿಸಿ, ಮೇಲೆ ಇನ್ನೊಂದು ಕೈ ಸರಿ ಬಳಿದು, ರೊಪ್ಪದ ಬೇಲಿಗೆ ಒಣಗಹಾಕಿ ಮಲಗಿದೆ. ನಗಬೇಡ. ಬೆಳಿಗ್ಗೆ ಎದ್ದು ನೋಡ್ತೀನಿ, ಹಿಡಿ ಒಂದೇ ಐತೆ. ಕರಿ ಹಸುವಿನ ಕರ ಬಾಯಿ ಆಡಿಸ್ತಾ ನಿಂತೈತೆ, ತುಟಿ ಪಕ್ಕದಲ್ಲಿ ಪುಂಡಿ ನಾರು ಜೋತಾಡ್ತೈತೆ. ದನ ಕಾಯೋ ಮನೇಲಿ ಹುಟ್ಟಿದೋನು ಹುಣಸೆ ಗಂಜಿ ಬಳಿದ ಹಗ್ಗನ ದನದ ಬಾಯಿಗೆ ಎಟುಕೋ ಹಂಗೆ ತೂಗುಹಾಕ್ತಾನಾ? ತಲೆ ಮೇಲೆ ಕೈ ಹೊತ್ತು ಕುಂತೆ. ಕೊಂಡ್ಲಹಳ್ಳಿಯೋರು ಎದುರಿಗೆ ಬಂದು ನಿಂತಂಗೇ ಆಯ್ತು.

ಹಂಗೆ ಕುಂತಿದ್ದಾಗಲೇ ನಿನ್ನ ಮೈ ವಾಸನೆ ನೆನಪಾಗಿದ್ದು. ಬೇವಿನೆಣ್ಣೆ ವಾಸನೆ. ಹತ್ರ ಕುಂತ್ರೆ ಮೂಗು ಮುಚ್ಕಬೇಕಿತ್ತು. ಮಂಡಿನೋವಿಗೆ ಹಚ್ಕಂತೀಯ ಅಂದ್ಕಂಡಿದ್ದೆ ನಾನು. ನಿನಗೆ ಮಂಡಿನೋವು ಎಲ್ಲಿತ್ತು? ಗುಡ್ಡ ಹತ್ತೋದ್ರಲ್ಲಿ ನನ್ನ ಹಿಂದೆ ಹಾಕ್ತಿದ್ದೆ. ಅದು ಚಾಟಿಗೆ ಹಚ್ತಿದ್ದದ್ದು, ದನ ಬಾಯಿ ಹಾಕದಿರಲಿ ಅಂತ. ಕೈಯಿಂದ ಮೈಗೆ ಹತ್ತಿತ್ತು, ಅಷ್ಟೇ. ಒಬ್ಬನೇ ಕುಂತು ನಕ್ಕೆ ಮಾವ, ಆಮೇಲೆ ಅತ್ತುಬಿಟ್ಟೆ. ಗಾಣದ ಮನೆಯಿಂದ ಎಣ್ಣೆ ತಂದು ಹೊಸದಾಗಿ ಹೆಣೆದದ್ದಕ್ಕೆ ಹಚ್ಚಿ ಅದೇ ಕರದ ಮುಂದೆ ಹಿಡಿದೆ. ಮೂಸಿ, ಸೀನಿ, ಬಾಲ ಎತ್ತಿ ಓಡ್ತು.

ನೀನು ವರ್ಷಕ್ಕೊಂದ್ಸಲ ಮೀಸೆ ತಿದ್ದಿ, ತಲೆಗೆ ಎಣ್ಣೆ ಬಳ್ಕಂಡು ಮೊಳಕಾಲ್ಮೂರಿಗೆ ಹೊರಡ್ತಿದ್ದದ್ದು ಆಮೇಲೆ ನೆನಪಾಯ್ತು. ಯಾಕಂದ್ರೆ ಈಗ ಚಾಟಿ ಮೈ ನೆಟ್ಟಗಿತ್ತು, ಹಾವು ಹರಿದಂಗೆ ಹರೀತಿತ್ತು, ತುದೀಲಿ ಮಾತ್ರ ಸದ್ದು ಸತ್ತು ಹೋಗ್ತಿತ್ತು. ಪುಂಡಿ ತುದಿ ಕಟ್ಟಿದ್ರೆ ಎರಡು ಬೀಸಿಗೆ ಸಿಡಿದು ಹೋಗೋದು. ಕತ್ತಾಳೆ ನಾರು ಕಟ್ಟಿದೆ, ಒರಟು. ಉಣ್ಣೆ ಕಟ್ಟಿದೆ, ಮೂಕ. ಮೊಳಕಾಲ್ಮೂರಲ್ಲಿ ನಿನಗೆ ಯಾರೋ ಅವಳೆ ಅಂತ ಹಟ್ಟಿಯೆಲ್ಲ ಆಡ್ಕಂತಿತ್ತು, ನೀನು ಇಲ್ಲ ಅಂತ ಒಂದು ದಿನನೂ ಅನ್ನಲಿಲ್ಲ. ಯಾರೇ ಇರಲಿ, ನಿನ್ನ ಚಾಟಿ ವಿಷಯ ಅವಳಿಗೆ ಗೊತ್ತಿದ್ರೂ ಗೊತ್ತಿರಬಹುದು ಅಂತ ನಾಚಿಕೆ ಬಿಟ್ಟು ಹೊರಟೆ. ಕೇರಿ ಕೇರಿ ಕೇಳ್ಕಂಡು ಹೋದ್ರೆ, ಕಿಲಾರಿ ಓಬಯ್ಯ ಬರ್ತಿದ್ದದ್ದು ನಾಗಮ್ಮನ ಮನೆಗೆ ಅಂತ ಒಬ್ಬ ಬಾಗಿಲು ತೋರಿಸಿದ.

ಬಾಗಿಲು ತಟ್ಟಿದೆ. ಬಂದೋಳು ಬೊಚ್ಚುಬಾಯಿ ಮುದುಕಿ, ಸೊಂಟ ಬಾಗಿದ್ದು, ಕೈಯಲ್ಲಿ ರೇಷ್ಮೆ ನೂಲಿನ ಉಂಡೆ. "ಏಂ ಕಾವಾಲಪ್ಪಾ?" ಅಂತ ತೆಲುಗಲ್ಲಿ, ಏನು ಬೇಕು ಅಂತ ಕೇಳಿದ್ಲು. ಓಬಯ್ಯನ ಅಳಿಯ ಅಂದೆ. ನೀನು ಹೋದ ಸುದ್ದಿ ಹೇಳಿದೆ. ಸೆರಗಿಂದ ಕಣ್ಣೊರೆಸ್ಕಂಡು ಒಳಗೆ ಹೋದ್ಲು. ಸೀರೆ ಇಳಿಸಿದ ಮೇಲೆ ಮಗ್ಗದಲ್ಲಿ ಮೊಳದುದ್ದ ಹಾಸು ಉಳೀತದಲ್ಲ, ಆ ರೇಷ್ಮೆ ಎಳೆಗಳ ಜುಟ್ಟು ತಂದು ನನ್ನ ಕೈಗೆ ಹಾಕಿದ್ಲು. "ಈ ವರ್ಷದ್ದು ಎತ್ತಿಟ್ಟಿದ್ದೆ. ಬರಲೇ ಇಲ್ಲವಲ್ಲ ಅಂದ್ಕಂತಿದ್ದೆ. ಇದನ್ನ ಸುಮ್ಮನೆ ಕಟ್ಟಬೇಡಪ್ಪ, ಬಿಗಿಯಾಗಿ ಹೊಸೆದು ತುದಿ ಬಿಚ್ಚಿ ಬಿಡಬೇಕು ಅಂತಿದ್ದ ನಿಮ್ಮಾವ" ಅಂದ್ಲು. ಊಟ ಹಾಕಿದ್ಲು. ದುಡ್ಡಿನ ಮಾತೆತ್ತಿದ್ರೆ, ದೇವರ ದನಕ್ಕೆ ಅಂದ್ಮೇಲೆ ದುಡ್ಡು ವದ್ದು, ಬ್ಯಾಡವೇ ಬ್ಯಾಡ ಅಂದ್ಬಿಟ್ಲು. ಹಟ್ಟಿಗೆ ಬಂದು ಅವಳು ಹೇಳಿದಂಗೇ ಹೊಸೆದು ಚಾಟಿ ತುದಿಗೆ ಕಟ್ಟಿದೆ. ಯಾರಿಗೂ ನಾಗಮ್ಮನ ವಯಸ್ಸು ಮಾತ್ರ ಹೇಳಿಲ್ಲ. ನಿನ್ನ ಮೀಸೆ ಮರ್ಯಾದೆ ಉಳಿಸಿದೀನಿ.

ನಿನ್ನೆ ಸಂಜೆ ಬೋರಯ್ಯ, ಹಟ್ಟಿಯ ಹಿರಿಯರು ಎಲ್ಲಾ ಕಾವಲಿಗೆ ಬಂದ್ರು. ಕೊಂಡ್ಲಹಳ್ಳಿಯೋನು ಒಬ್ಬ ಕಂಬಳಿ ಹೊದ್ದು ದೂರದಲ್ಲಿ ನಿಂತಿದ್ದ, ದನ ಹೊಡ್ಕಂಡು ಹೋಗೋಕೆ ತಯಾರಾಗಿಯೇ. ದನ ಅತ್ತ ದಿಬ್ಬದಾಚೆ ಮೇಯ್ತಿದ್ವು, ಬೆನ್ನು ಮಾತ್ರ ಕಾಣ್ತಿದ್ವು. ಚಾಟಿನ ತಲೆ ಮೇಲೆ ಒಂದು ಸುತ್ತು ತಿರುಗಿಸಿ, ಮಣಿಕಟ್ಟು ಒಂದು ಸಲ ಕೊಡವಿದೆ. ಅಷ್ಟೇ. ರಟ್ಟೆ ಬಲ ಹಾಕಲೇ ಇಲ್ಲ. ಫಳಾರ್ ಅಂತು. ಗುಡ್ಡಕ್ಕೆ ಬಡಿದು ಸದ್ದು ವಾಪಸ್ ಬಂತು. ಕೆಂಚ ತಲೆ ಎತ್ತಿತು. ನೋಡ್ತು. ಮತ್ತೆ ತಲೆ ತಗ್ಗಿಸಿಬಿಡ್ತದೇನೋ ಅನ್ನಿಸ್ತು. ಇನ್ನೊಂದು ಸಲ ಕೊಡವಿದೆ. ಕೆಂಚ ತಿರುಗಿತು, ದಿಬ್ಬ ಇಳೀತು, ಅದರ ಹಿಂದೆ ಕರಿ ಹಸು, ಆ ಚಾಟಿ ತಿಂದ ಕರ, ಆಮೇಲೆ ದೂಳೋ ದೂಳು. ನನ್ನ ಸುತ್ತ ಬಂದು ನಿಂತ್ವು. ಕೆಂಚ ಚಾಟಿ ಮೂಸಿ ನನ್ನ ಅಂಗೈ ನೆಕ್ಕಿತು. ಒಂದರ ಮೈಗೂ ಚಾಟಿ ತಾಕಿಲ್ಲ. ಕೊಂಡ್ಲಹಳ್ಳಿಯೋನು ಹತ್ರ ಬಂದು ಹೆಣಿಗೆ ಮುಟ್ಟಿ ನೋಡಿ, "ಯಾರು ಹೇಳಿಕೊಟ್ರಪ್ಪ?" ಅಂದ. "ಯಾರೂ ಇಲ್ಲ" ಅಂದೆ. ಆಮೇಲೆ, "ನಮ್ಮಾವ" ಅಂದೆ. ಎರಡೂ ನಿಜ ತಾನೆ?

ಬೋರಯ್ಯ ತಲೆಯಿಂದ ರುಮಾಲು ಬಿಚ್ಚಿ ನನ್ನ ತಲೆಗೆ ಸುತ್ತಿದ. ನಾಳಿದ್ದು ಸಿದ್ದಾಪುರದ ಗುಡ್ಡಕ್ಕೆ ಹೊರಡ್ತೀವಿ, ದನದ ಮುಂದೆ ನಾನು. ಒಂದು ಮಾತು ಈಗಲೇ ಹೇಳಿಬಿಡ್ತೀನಿ, ಸಿಟ್ಟು ಮಾಡ್ಕಬೇಡ, ಮಾಡ್ಕಂಡ್ರೂ ಪರವಾಗಿಲ್ಲ. ನಾನು ಹೋದ ದಿನ ನನ್ನ ಚಾಟಿ ನನ್ನ ಜೊತೆಗೇ ಮಣ್ಣಿಗೆ ಬರಲಿ, ಆ ಪದ್ಧತಿ ಮುರಿಯಲ್ಲ. ಆದ್ರೆ ಹೆಣೆಯೋದು ಮಾತ್ರ ಬಂಡೆ ಮರೇಲಿ ಅಲ್ಲ, ಅವ್ವನ ಜಗಲಿ ಮೇಲೆ, ಹಟ್ಟಿಯೆಲ್ಲ ನೋಡೋ ಹಂಗೆ. ಬೇಕಾದೋರು ಬಂದು ಕುಂತು ಕಲೀಲಿ.

ರೊಪ್ಪದ ಬಾಗಿಲು ಕಟ್ಟಿ ಮನೆಗೆ ಬಂದಾಗ ಒಲೆ ಮೇಲೆ ಹಂಡೆ ಇತ್ತು, ನೀರು ಕುದೀತಿತ್ತು. ಸಂಜೆ ನಿನ್ನ ಚಾಟಿ ಸದ್ದು ಕೇಳ್ತಿದ್ದಂಗೆ ಅವ್ವ ನಿನ್ನ ಕಾಲಿಗೆ ಬಿಸಿನೀರು ಇಡ್ತಿದ್ಲಲ್ಲ, ನೀನು ಹೋದ ಮೇಲೆ ಆ ಹಂಡೆ ಮುಟ್ಟಿರಲಿಲ್ಲ. ಪಾಪ, ಕಣ್ಣು ಕಾಣಲ್ಲ, ತಮ್ಮ ಬಂದ ಅಂದ್ಕಂಡಿದಾಳೆ, ಹೆಂಗೆ ಹೇಳೋದು ಅಂತ ಬಾಗಿಲಲ್ಲೇ ನಿಂತೆ. "ಅವ್ವ, ಮಾವ ಅಲ್ಲವ್ವ. ನಾನು ಬೀಸಿದ್ದು" ಅಂದೆ.

"ಗೊತ್ತಲೇ" ಅಂದ್ಲು. "ಓಬಯ್ಯನ ಸದ್ದು ನನಗೆ ಗೊತ್ತಿಲ್ವಾ? ಅದು ಬ್ಯಾರೆ. ಇದು ನಿಂದು. ಕಾಲು ನೀಡು, ನೀರು ಆರ್ತೈತೆ."

ಕಾಲು ನೀಡಿದೆ ಮಾವ.

ನಿನ್ನ ಅಳಿಯ,
ಕಿಲಾರಿ ಪಾಪಯ್ಯ