ರೌಂಡ್ಸ್ ಹೊತ್ತಿಗೆ ಒಳಗಿದ್ದವಳು

ಅಪ್ಪಾ,

ಈ ವಾರದಿಂದ ನಮ್ಮ ವಾರ್ಡಿನಲ್ಲಿ ಡಾಕ್ಟರು ರೌಂಡ್ಸ್‌ಗೆ ಬಂದಾಗ ರೋಗಿಯ ಮನೆಯವರೂ ಪಕ್ಕದಲ್ಲಿ ನಿಲ್ಲಬಹುದು. ಇಷ್ಟು ವರ್ಷ ಅವರನ್ನೆಲ್ಲ ಆಚೆ ಕಳಿಸಿ ಬಾಗಿಲು ಹಾಕುತ್ತಿದ್ದ ನರ್ಸ್ ನಾನೇ.

ಇವತ್ತು ಏಳನೇ ಬೆಡ್ಡಿನ ಮುದುಕರನ್ನು ಡಾಕ್ಟರು, "ನೋವೇನಾದ್ರೂ ಇದೆಯಾ ಯಜಮಾನ್ರೇ?" ಎಂದು ಕೇಳಿದರು.

"ಏನೂ ಇಲ್ಲ ಸ್ವಾಮಿ," ಎಂದು ಅವರು ನಕ್ಕರು.

ಡಾಕ್ಟರು ಮುಂದಿನ ಬೆಡ್ಡಿಗೆ ಹೊರಟಾಗ ಮುದುಕರ ಮಗಳು ಅಡ್ಡ ಬಂದಳು. "ಸುಳ್ಳು ಸರ್! ಬೆಳಗ್ಗೆಯಿಂದ ಹೊಟ್ಟೆ ಹಿಡ್ಕೊಂಡು ಒದ್ದಾಡ್ತಿದ್ದಾರೆ. ದೊಡ್ಡವರ ಮುಂದೆ ಬಾಯಿ ಬಿಡಲ್ಲ, ಅಷ್ಟೇ."

"ನೀನು ಸುಮ್ನಿರಮ್ಮ. ಅವರಿಗೆ ನೂರೆಂಟು ಕೆಲಸ ಇರುತ್ತೆ," ಎಂದು ಮುದುಕರು ಗದರಿದರು.

ಡಾಕ್ಟರು ವಾಪಸ್ ಬಂದು ಹೊಟ್ಟೆ ಒತ್ತಿ ನೋಡಿದರು. ಅರ್ಧ ಗಂಟೆಯಲ್ಲಿ ಮುದುಕರನ್ನು ಆಪರೇಷನ್ನಿಗೆ ಒಯ್ದೆವು. ಬದುಕಿದರು. ಮಗಳು ನನ್ನ ಕೈ ಹಿಡಿದು, "ನೀವು ಒಳಗೆ ಬಿಟ್ಟಿದ್ದಕ್ಕೆ ಅಪ್ಪ ಉಳಿದ್ರು ಸಿಸ್ಟರ್," ಎಂದಳು.

ನೀನು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಆ ಕೊನೆಯ ದಿನ ರೌಂಡ್ಸ್ ಹೊತ್ತಿಗೆ ಮನೆಯವರು ಹೊರಗಿರಿ ಎಂದಾಗ ಮೊದಲು ಎದ್ದವಳು ನಾನು. ಕಾರಿಡಾರಿನಲ್ಲಿ, "ರಾತ್ರಿಯೆಲ್ಲ ನರಳಿದ್ದನ್ನ ಇವರು ಡಾಕ್ಟರಿಗೆ ಹೇಳಲ್ಲ ಕಣೇ," ಎಂದು ಗೊಣಗುತ್ತಿದ್ದ ಅಮ್ಮನಿಗೆ, "ರೂಲ್ಸ್ ಅಂದ್ರೆ ರೂಲ್ಸ್ ಅಮ್ಮ," ಎಂದೂ ಹೇಳಿದ್ದೆ. ನೀನು ಹೋದ ಮೇಲೆ ಕೇಸ್ ಶೀಟ್ ತರಿಸಿಕೊಂಡು ಓದಿದೆ. ಅವತ್ತಿನ ತಾರೀಖಿನ ಮುಂದೆ, ರೋಗಿಗೆ ಯಾವ ತೊಂದರೆಯೂ ಇಲ್ಲವಂತೆ ಎಂದು ಬರೆದಿತ್ತು.