ಅಮ್ಮನ ನೇರಳೆ ಔಷಧಿ

ಜೂನ್ 9, ಬೆಳಿಗ್ಗೆ 11

ವೋಡ್ಕಾ, ಸಕ್ಕರೆಯಲ್ಲಿ ನೇರಳೆ ಹಾಕಿ ಆರನೇ ದಿನ. ಬಣ್ಣ ಚೆನ್ನಾಗಿ ಬಿಟ್ಟಿದೆ. ನಾನು ಕೆಲಸ ಮಾಡುವ ಬಾರ್‌ನಲ್ಲಿ ಜಾಗವಿಲ್ಲ, ಬಾಟಲಿ ಮನೆಯ ಫ್ರಿಜ್‌ನಲ್ಲೇ. ಬ್ರಾಂಬಲ್ ಕಾಕ್‌ಟೇಲ್‌ಗೆ ಫಾರಿನ್ ಬ್ಲ್ಯಾಕ್‌ಬೆರಿ ಲಿಕರ್ ಬದಲು ಇದು. ಜಿನ್ ಮಾಮೂಲಿಗಿಂತ ಅರ್ಧ, ನಿಂಬೆರಸ, ಪುಡಿ ಐಸ್, ಮೇಲೆ ನೇರಳೆ. ಮ್ಯಾನೇಜರ್ ಶ್ರೀಧರ್ ಸಾರ್ ಹೇಳಿದ್ದು ಒಂದೇ. "ಲೈಟಾಗಿರ್ಲಿ ಕಣಮ್ಮಾ. ವೈಟ್‌ಫೀಲ್ಡ್ ಜನ ಲಂಚ್‌ಗೆ ಕುಡಿದು ಮೀಟಿಂಗ್‌ಗೆ ಹೋಗ್ತಾರೆ."

ಅಮ್ಮ ಬಾಟಲಿ ನೋಡಿ ಏನಿದು ಅಂದಳು. ನೇರಳೆ ಅಂದೆ. ಸುಳ್ಳೇನಲ್ಲ. ನಾನು ಹೋಟೆಲಿನ ಜ್ಯೂಸ್ ಸೆಕ್ಷನ್‌ನಲ್ಲಿದ್ದೇನೆ ಅಂತ ಅವಳ ಲೆಕ್ಕ. ಅದು ಸುಳ್ಳು.

ಜೂನ್ 13

ಬಾಟಲಿ ಎರಡು ಬೆರಳು ಇಳಿದಿದೆ. ಎಲ್ಲೂ ಸೋರಿಲ್ಲ...

ಜೂನ್ 14, 7.30

ಗೊತ್ತಾಯಿತು. ಅಮ್ಮ ಲಿಂಗಪೂಜೆ ಮುಗಿಸಿದಳು. ಹಣೆ ತುಂಬ ವಿಭೂತಿ. ಸಣ್ಣ ಲೋಟಕ್ಕೆ ಬಗ್ಗಿಸಿ, ಕಣ್ಣು ಮುಚ್ಚಿ ಗಟಗಟ.

"ಶುಗರ್‌ಗೆ ನೇರಳೆ ಚಲೋ ಅಂತಾರ. ಗಂಟಲ ಸುಡ್ತೈತಿ... ಔಷಧ ಅಂದಮ್ಯಾಲೆ ಸುಡಬೇಕು ಬಿಡು."

ನಮ್ಮೂರು ರಾಣೆಬೆನ್ನೂರಿನಲ್ಲಿ ಸಾರಾಯಿ ಅಂಗಡಿ ಇದ್ದ ಬೀದಿ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದವಳು. ಹೇಳಬೇಕಿತ್ತು. ಲೋಟ ತೊಳೆದಿಟ್ಟೆ.

ಜೂನ್ 15

ಬಾಟಲಿ ಬಚ್ಚಿಟ್ಟು ಬರೀ ನೇರಳೆ ರಸ ಇಟ್ಟೆ. ಒಂದು ಗುಟುಕಿಗೇ ಕೆಳಗಿಟ್ಟಳು. "ಇದು ಸಪ್ಪಗೈತಿ. ಮೊದಲಿಂದು ಎಲ್ಲೈತಿ?"

ತಂದುಕೊಟ್ಟೆ. ಥೂ ನನ್ನ ಜನ್ಮಕ್ಕೆ.

ಜೂನ್ 21

ಅಮ್ಮನ ಶುಗರ್ 212. ಅದಕ್ಕೇ ಡೋಸ್ ಎರಡು ಲೋಟ ಮಾಡಿಕೊಂಡಿದ್ದಾಳೆ! ಹೆದರಿಕೆಯಾಯಿತು. ಹೊಸ ಬ್ಯಾಚ್ ಹಾಕಿದೆ. ಸಕ್ಕರೆ ಪೂರ್ತಿ ಬಿಟ್ಟೆ, ವೋಡ್ಕಾ ಅರ್ಧ. ಅಮ್ಮ ಪಕ್ಕದಲ್ಲೇ ನಿಂತು ಹಣ್ಣು ಹಿಚುಕಿದಳು. ವೋಡ್ಕಾ ನೀರಿನ ಬಾಟಲಿಯಲ್ಲಿತ್ತು.

"ಒಗರು ಇರ್ಲಿ, ಸ್ಫೂರ್ತಿ. ಚಿಟಿಕಿ ಉಪ್ಪು ಹಾಕು. ನಾಲಗಿ ಎಚ್ಚರಾಗ್ತೈತಿ."

ಹಾಕಿದೆ.

ಜೂನ್ 28

ಆ ಬ್ಯಾಚ್‌ನಿಂದ ಬ್ರಾಂಬಲ್ ಮಾಡಿ ಕೊಟ್ಟೆ. ಶ್ರೀಧರ್ ಸಾರ್ ಗ್ಲಾಸ್ ಖಾಲಿ ಮಾಡಿ ತಳ ನೋಡಿದರು. "ಸಕ್ಕತ್ತಾಗಿದೆ. ಉಪ್ಪಿನ ಐಡಿಯಾ ಯಾರ್ದು?"

ನಂದೇ ಅಂದೆ. ಮಳೆಗಾಲದ ಮೆನುಗೆ ಸೇರಿತು. ಖುಷಿಯಾಯಿತು. ಮನೆಗೆ ಬರುವಷ್ಟರಲ್ಲಿ ನಾಚಿಕೆ.

ಜುಲೈ 2, ಮಧ್ಯಾಹ್ನ 3.40

ವೀಕ್ಲಿ ಆಫ್. ಮೇಲಿನ ಫ್ಲೋರಿನ ಬಸಕ್ಕನಿಗೂ ಶುಗರ್. ಅಮ್ಮನ ಜೊತೆ ವಚನ ಹಾಡುವವರು. ನಾಲ್ಕಕ್ಕೆ ಬರುತ್ತಾರೆ, ಔಷಧಿ ಮಾಡೋದು ಹೇಗೆ ಅಂತ ಕೇಳಿಕೊಂಡು. ಗುಂಪಿನಲ್ಲಿ ಹದಿನಾಲ್ಕು ಹೆಂಗಸರಂತೆ.

"ಒಂದು ಹಾಳಿ ಮ್ಯಾಲೆ ಚಂದಾಗಿ ಬರದು ಕೊಡವ್ವಾ. ನನ್ನ ಮಗಳು ಮಾಡಿದ್ದು ಅಂತ ಎಲ್ಲಾರಿಗೂ ಹೇಳೀನಿ."

ಎರಡು ಹಾಳೆ ಹರಿದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ನೇರಳೆ, ಒಂದು ಕಿಲೋ.
ಉಪ್ಪು, ಚಿಟಿಕೆ.

ಬೆಲ್ ಆಯಿತು. ಅಮ್ಮ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಹೋಗುತ್ತಿದ್ದಾಳೆ. ನಗುತ್ತಿದ್ದಾಳೆ.

ವೋಡ್ಕಾ, ಅರ್ಧ ಲೀಟರ್. ಅಮ್ಮಾ, ನಾನು ಮೊದಲನೇ ದಿನವೇ ಹೇಳಬೇಕಿತ್ತು, ಇದು